ರೋಗಿಯ ಮಾತು ಅಮಾನತ್ತು

ನರ್ಸ್ ಕೆಲಸಕ್ಕೆ ಡಾಕ್ಟರೇಟ್ ಯಾಕೆ ಬೇಕು ಎಂದು ಕೇಳುವವರು ನಮ್ಮ ನಡುವೆ ಈಗಲೂ ಇದ್ದಾರೆ. ಸೂಜಿ ಚುಚ್ಚಲು, ಗಾಯಕ್ಕೆ ಪಟ್ಟಿ ಕಟ್ಟಲು, ಜ್ವರ ನೋಡಿ ಬರೆದಿಡಲು, ಬೆಡ್‌ಪ್ಯಾನ್ ಕೊಡಲು ಸಂಶೋಧನೆ ಏಕೆ ಎಂಬುದು ಅವರ ವಾದ. ಈ ಮಾತಿನ ಹಿಂದೆ ನಮ್ಮ ಸಮಾಜದ ಎರಡು ಹಳೆಯ ಕಾಯಿಲೆಗಳಿವೆ. ಕೈಯಿಂದ ಮಾಡುವ ಕೆಲಸದಲ್ಲಿ, ಅದರಲ್ಲೂ ಇನ್ನೊಬ್ಬರ ಮಲಮೂತ್ರ, ಕೀವು ಮುಟ್ಟುವ ಕೆಲಸದಲ್ಲಿ ವಿದ್ಯೆ ಇಲ್ಲವೆಂದು ಭಾವಿಸುವುದು ಒಂದು. ಆರೈಕೆ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತದೆ, ಅದರಲ್ಲಿ ಕಲಿಯಬೇಕಾದ್ದೇನೂ ಇಲ್ಲವೆಂದು ನಂಬುವುದು ಇನ್ನೊಂದು.

ಇಂಥವರಿಗೆ ಉತ್ತರ ಕೊಡುವುದು ಕಷ್ಟವಲ್ಲ. ಕಷ್ಟದ ಪ್ರಶ್ನೆ ಬೇರೆಯೇ ಇದೆ. ಶುಶ್ರೂಷೆಯ ಬಗ್ಗೆ ಸಂಶೋಧನೆ ಮಾಡುವವರು ಯಾರ ನೋವನ್ನು ನೋಡಿ, ಯಾರ ಮಾತನ್ನು ಬರೆದುಕೊಂಡು ಪದವಿ ಪಡೆಯುತ್ತಾರೋ, ಆ ರೋಗಿಗೆ ಅವರು ಏನನ್ನು ಮರಳಿಸಬೇಕು? ರೋಗಿ ಕೊಟ್ಟದ್ದು ದಾನವೋ, ಸಾಲವೋ, ಅಥವಾ ನಂಬಿ ಒಪ್ಪಿಸಿದ ಒಡವೆಯೋ?

ಮೊದಲ ಪ್ರಶ್ನೆಯನ್ನು ಬೇಗ ಮುಗಿಸೋಣ. ಗಾಯಾಳುಗಳಿಗಾಗಿ ಮದೀನಾದಲ್ಲಿ ಡೇರೆ ಹಾಕಿ ಆರೈಕೆ ಮಾಡಿದ ರುಫೈದಾ ಅಲ್ ಅಸ್ಲಮಿಯ್ಯಾ ಅವರನ್ನು ಇಸ್ಲಾಮೀ ಚರಿತ್ರೆ ಗೌರವದಿಂದ ನೆನೆಯುತ್ತದೆ. ಆಧುನಿಕ ಕಾಲಕ್ಕೆ ಬಂದರೆ ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ದೀಪ ಹಿಡಿದು ಓಡಾಡಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಸತ್ತವರ ಲೆಕ್ಕವಿಟ್ಟು, ಗುಂಡೇಟಿಗಿಂತ ಕೊಳಕು ಮತ್ತು ಸೋಂಕಿನಿಂದಲೇ ಹೆಚ್ಚು ಸೈನಿಕರು ಸತ್ತರೆಂದು 1858ರಲ್ಲಿ ನಕ್ಷೆ ಬರೆದು ಸರ್ಕಾರದ ಮುಂದಿಟ್ಟದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದೀಪ ಎಷ್ಟು ಮುಖ್ಯವೋ ಲೆಕ್ಕವೂ ಅಷ್ಟೇ ಮುಖ್ಯವಾಗಿತ್ತು. ನರ್ಸ್ ಆಗಿದ್ದುಕೊಂಡು ಡಾಕ್ಟರೇಟ್ ಪಡೆದ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ ಎಂದು ಅದು ತೋರಿಸಿತು. ನಮ್ಮ ಜಿಲ್ಲಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಒಬ್ಬ ಸಿಸ್ಟರ್ ಎಷ್ಟು ಮಂಚಗಳ ನಡುವೆ ಓಡುತ್ತಾರೆಂದು ಕಂಡವರಿಗೆ ಈ ಅಂಕಿಯ ಭಾರ ತಿಳಿಯುತ್ತದೆ.

ನಮ್ಮಲ್ಲೂ ಈ ದಾರಿ ತೆರೆದಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಭಾರತೀಯ ಶುಶ್ರೂಷಾ ಪರಿಷತ್ತಿನೊಂದಿಗೆ ಸೇರಿ 2000ದ ದಶಕದ ಮಧ್ಯಭಾಗದಲ್ಲಿ ನರ್ಸಿಂಗ್ ಪಿಎಚ್‌ಡಿಗಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ಆರಂಭಿಸಿತು. ಅಂದರೆ ದೇಶದ ನರ್ಸಿಂಗ್ ಸಂಶೋಧನೆಯ ಒಂದು ಮುಖ್ಯ ಬಾಗಿಲು ಬೆಂಗಳೂರಿನಲ್ಲೇ ಇದೆ. ಆ ಬಾಗಿಲಿನಿಂದ ಹೊರಟ ವಿದ್ಯೆ ಎಲ್ಲಿಗೆ ತಲುಪುತ್ತದೆ ಎಂಬುದೇ ನನ್ನ ಚಿಂತೆ.

ಒಂದು ಸಣ್ಣ ವಿಷಯವನ್ನೇ ತೆಗೆದುಕೊಳ್ಳೋಣ, ಹಾಸಿಗೆ ಹುಣ್ಣು. ಲಕ್ವಾ ಹೊಡೆದು ಅಥವಾ ಸೊಂಟ ಮುರಿದು ಮಲಗಿದವರ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಆಗುವ ಹುಣ್ಣು. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಮೂತ್ರದ ಒದ್ದೆ, ಊಟದ ಕೊರತೆ ಅದನ್ನು ಇನ್ನಷ್ಟು ಬೆಳೆಸುತ್ತವೆ. ಒಮ್ಮೆ ಆಳಕ್ಕೆ ಇಳಿದರೆ ಎಲುಬಿನವರೆಗೂ ಹೋಗಿ ಪ್ರಾಣವನ್ನೇ ತೆಗೆಯಬಲ್ಲದು. ಇದನ್ನು ತಡೆಯುವುದು ಬಹುಮಟ್ಟಿಗೆ ಆರೈಕೆ ಮಾಡುವವರ ಕೈಯಲ್ಲಿದೆ.

ಈ ಕೈಗಳ ಶಕ್ತಿಯನ್ನು ತೋರಿಸಿದ ಕನ್ನಡ ನಾಡಿನ ಹೆಣ್ಣುಮಗಳ ಕಥೆ ಎಲ್ಲರಿಗೂ ತಿಳಿದದ್ದೇ. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಬರ್ಬರ ದಾಳಿ ಮಾಡಿದ. ಮಿದುಳು ಘಾಸಿಗೊಂಡ ಆಕೆ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದರು. ದಯಾಮರಣದ ಅರ್ಜಿಯ ವಿಚಾರಣೆಯಲ್ಲಿ, 2011ರಲ್ಲಿ, ಸುಪ್ರೀಂ ಕೋರ್ಟ್ ಮುಂದೆ ಬಂದ ಸಂಗತಿಗಳಲ್ಲಿ ಒಂದು ದೇಶವನ್ನೇ ಬೆರಗುಗೊಳಿಸಿತು. ಅಷ್ಟು ವರ್ಷಗಳಲ್ಲಿ ಆಕೆಯ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಆಗಿರಲಿಲ್ಲ. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು. ಆಮೇಲೆ ಬಂದವರು, ಆಕೆ ನಡೆದಾಡಿದ್ದನ್ನು ಕಾಣದವರು, ಅದೇ ನಿಷ್ಠೆಯಿಂದ ಮಗ್ಗುಲು ಬದಲಿಸಿದರು. ಆಕೆ ಬದುಕಬೇಕಿತ್ತೇ ಎಂಬ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಆ ನರ್ಸುಗಳ ಕೈಯಲ್ಲಿದ್ದದ್ದು ಬರೀ ಪ್ರೀತಿಯೋ ಅಥವಾ ವಿದ್ಯೆಯೋ ಎಂಬ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ಪ್ರೀತಿಯೊಂದೇ ಸಾಕಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ತಾಯಿ ತಂದೆಯರನ್ನು ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಮನೆಗಳಲ್ಲಿ ಹಾಸಿಗೆ ಹುಣ್ಣು ಕಾಣಿಸುತ್ತಿರಲಿಲ್ಲ.

ಕೈಯಲ್ಲಿರುವ ವಿದ್ಯೆಗೆ ಒಂದು ಅಪಾಯವಿದೆ. ಕೈ ಹೋದರೆ ಅದೂ ಹೋಗುತ್ತದೆ. ನವಲಗುಂದದ ಜಮಖಾನ ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನೇಯ್ದು, ಮನೆತನದ ಒಳಗೇ ದಾಟಿಸಿಕೊಂಡು ಬಂದ ಕಸುಬು ಅದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ಹೊತ್ತಿಗೆ ನೇಯುವವರೇ ಕಡಿಮೆಯಾಗಿದ್ದರು. ಶುಶ್ರೂಷೆಯ ವಿದ್ಯೆಯೂ ಹೀಗೆಯೇ. ಒಂದು ವಾರ್ಡಿನ ಹಿರಿಯ ಸಿಸ್ಟರ್ ಬೆರಳಿನಿಂದ ಕಂಡುಕೊಂಡದ್ದನ್ನು ಯಾರೂ ಪರೀಕ್ಷಿಸಿ ಬರೆದಿಡದಿದ್ದರೆ ಅದು ಆ ವಾರ್ಡಿನಲ್ಲೇ ಉಳಿದು, ಆಕೆಯ ನಿವೃತ್ತಿಯೊಂದಿಗೆ ಮನೆಗೆ ಹೋಗುತ್ತದೆ. ಸಂಶೋಧನೆ ಬೇಕಾದದ್ದು ಇಲ್ಲಿ.

ಅದು ಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ವಾರ್ಡಿನಿಂದ ವಾರ್ಡಿಗೆ ದಾಟಿಬಂದದ್ದೆಲ್ಲ ಸರಿ ಇರಬೇಕೆಂದಿಲ್ಲ. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನರ್ಸಿಂಗ್ ಪಾಠ ಹೇಳಿಕೊಂಡು ಬಂದಿದೆ. ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ನರ್ಸ್ ಸಂಶೋಧಕಿ ಮತ್ತು ಸಂಗಡಿಗರು ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ 900ಕ್ಕೂ ಹೆಚ್ಚು ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳ್ಳೆಯ ಫೋಮ್ ಹಾಸಿಗೆ ಇದ್ದರೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದವರ ನಡುವೆ ಹುಣ್ಣಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಮುದುಕರಿಗೆ ರಾತ್ರಿ ನಿದ್ದೆಗೆ ಇನ್ನಷ್ಟು ಬಿಡುವು ಸಿಗುವ ದಾರಿಯಾಯಿತು.

ಈ ಫಲಿತಾಂಶವನ್ನು ನವಲಗುಂದ ತಾಲೂಕಿನ ಯಮನೂರಿಗೆ ತಂದು ನೋಡಿ. ಎರೆ ಹೊಲದ ಸೀಮೆ. ಮುದುಕ ಮಲಗಿರುವುದು ಫೋಮ್ ಹಾಸಿಗೆಯ ಮೇಲಲ್ಲ, ಹೊರಸಿನ ಮೇಲೆ ಹಾಸಿದ ಕೌದಿಯ ಮೇಲೆ. ನೋಡಿಕೊಳ್ಳುವವಳು ಒಬ್ಬಳೇ ಸೊಸೆ. ಹಗಲು ಕೂಲಿಗೆ ಹೋಗಬೇಕು, ರಾತ್ರಿ ಮಕ್ಕಳನ್ನೂ ನೋಡಬೇಕು. ಕೌದಿಯ ಮೇಲೆ ಎಷ್ಟು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣು ಏಳುತ್ತದೆ? ಎರಡು ಕೌದಿ ಮಡಿಚಿ ಹಾಕಿದರೆ ಏನಾಗುತ್ತದೆ? ಪಠ್ಯಪುಸ್ತಕ ಹೇಳುವಂತೆ ಚರ್ಮ ಕೆಂಪಗಾಗುವುದು ಹುಣ್ಣಿನ ಮೊದಲ ಗುರುತು. ಆದರೆ ನಮ್ಮವರ ಕಪ್ಪು ಚರ್ಮದ ಮೇಲೆ ಆ ಕೆಂಪು ಕಾಣುವುದು ಕಷ್ಟ. ಕೈಯಿಟ್ಟು ಬಿಸಿಯನ್ನೋ ಗಟ್ಟಿತನವನ್ನೋ ತಿಳಿಯಬೇಕು. ಬಿಳಿಯರ ಮೈ ನೋಡಿ ಬರೆದ ಪಾಠ ಇಲ್ಲಿ ಅರ್ಧ ಕುರುಡು. ಕೌದಿ, ಕಪ್ಪು ಚರ್ಮ, ಒಬ್ಬಳೇ ಸೊಸೆ. ಒಂದು ಒಳ್ಳೆಯ ಪಿಎಚ್‌ಡಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕೇ?

ಆದರೆ ನಮ್ಮ ನರ್ಸಿಂಗ್ ಕಾಲೇಜುಗಳ ಪ್ರಬಂಧಗಳ ಶೀರ್ಷಿಕೆಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಂಥ ರೋಗದ ಬಗ್ಗೆ ಇಂಥ ಊರಿನ ಜನರ ತಿಳಿವಳಿಕೆಯ ಮೇಲೆ 'ರಚನಾತ್ಮಕ ಬೋಧನಾ ಕಾರ್ಯಕ್ರಮ'ದ ಪರಿಣಾಮ ಎಂಬ ಅಚ್ಚಿನಲ್ಲಿ ಎಷ್ಟೋ ಪ್ರಬಂಧಗಳು ಬಂದಿವೆ. ಮೊದಲು ಪ್ರಶ್ನಾವಳಿ, ನಂತರ ಪಾಠ, ಮತ್ತೆ ಅದೇ ಪ್ರಶ್ನಾವಳಿ. ಪಾಠ ಕೇಳಿದವರ ಅಂಕ ಹೆಚ್ಚುತ್ತದೆ. ಹೆಚ್ಚದಿದ್ದರೇ ಆಶ್ಚರ್ಯ. ಮಾಸ್ಟರ್ ಪದವಿಯ ಅಭ್ಯಾಸಕ್ಕೆ ಇದು ನಡೆದೀತು. ಡಾಕ್ಟರೇಟಿಗೂ ಇದೇ ಅಚ್ಚು ಸಾಕಾದರೆ, ತಿಳಿದದ್ದನ್ನೇ ತಿಳಿದುಕೊಳ್ಳಲು ರೋಗಿಗಳ ಹೊತ್ತು ಕಳೆದಂತಾಯಿತು.

ತಪ್ಪು ವಿದ್ಯಾರ್ಥಿನಿಯರದಷ್ಟೇ ಅಲ್ಲ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ನರ್ಸ್ ಓದಿದಷ್ಟೂ ಮಂಚದಿಂದ ದೂರವಾಗುತ್ತಾಳೆ. ಪದವಿ ಬಂದರೆ ಕಾಲೇಜಿನ ಕುರ್ಚಿ, ಡಾಕ್ಟರೇಟ್ ಬಂದರೆ ಪ್ರಾಂಶುಪಾಲರ ಕೋಣೆ. ಡಾಕ್ಟರೇಟ್ ಪಡೆದವಳು ವಾರ್ಡಿನಲ್ಲೇ ಇದ್ದು ಕೆಲಸ ಸುಧಾರಿಸಲಿ ಎಂದರೆ ಅದಕ್ಕೊಂದು ಹುದ್ದೆಯೇ ಇಲ್ಲ. ರೋಗಿಯನ್ನು ಬಿಟ್ಟು ಹೋಗುವುದೇ ಏಳಿಗೆ ಎಂದು ವ್ಯವಸ್ಥೆಯೇ ಹೇಳಿಕೊಟ್ಟ ಮೇಲೆ ಯಾರನ್ನು ದೂರುವುದು?

ಇದಕ್ಕಿಂತ ಸೂಕ್ಷ್ಮವಾದದ್ದು ನಂಬಿಕೆಯ ಪ್ರಶ್ನೆ. ಯಮನೂರನ್ನು ನಾಡು ಬಲ್ಲದ್ದು ರಾಜಾಬಾಗ್ ಸವಾರರ ದರ್ಗಾದಿಂದ. ಹಿಂದೂಗಳು ಚಾಂಗದೇವ ಎಂದು ಕರೆದು ನಡೆದುಕೊಳ್ಳುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಗೆ ಎರಡೂ ಸಮುದಾಯದವರು ಬರುತ್ತಾರೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯಿಂದ ಬರುವವರೂ ಅನೇಕರು. ಆಸ್ಪತ್ರೆಯಲ್ಲಿ ವರ್ಷವಿಡೀ ಕಾದರೂ ಸಿಗದಷ್ಟು ರೋಗಿಗಳು ಸಂಶೋಧಕಿಯೊಬ್ಬಳಿಗೆ ಅಲ್ಲಿ ಸಿಗಬಹುದು. ಬಿಳಿ ಕೋಟು ಹಾಕಿ, ಪ್ರಶ್ನಾವಳಿ ಹಿಡಿದು ಹಳ್ಳದ ದಂಡೆಯಲ್ಲಿ ಕೂತರೆ ಯಾರೂ ಬೇಡ ಎನ್ನಲಾರರು. "ಬರ್ಕೋರಿ ಅಕ್ಕಾರ" ಎನ್ನುತ್ತಾರೆ. ಆ ಒಪ್ಪಿಗೆ ನಿಜವಾಗಿ ಒಪ್ಪಿಗೆಯೇ? ಹರಕೆ ಹೊತ್ತು ಬಂದ ಮನುಷ್ಯ ತಾನು ಯಾರದೋ ಪ್ರಬಂಧದ ಒಂದು ಅಂಕಿಯಾಗುತ್ತಿದ್ದೇನೆಂದು ತಿಳಿದು ಹೂಂ ಅಂದನೇ, ಅಥವಾ ಅಕ್ಕಾರು ಔಷಧ ಕೊಟ್ಟಾರು ಎಂದು ಹೂಂ ಅಂದನೇ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಬಡ ಕರಿಯ ಗಂಡಸರ ಮೇಲೆ ಸರ್ಕಾರಿ ಆರೋಗ್ಯ ಸೇವೆಯೇ ಒಂದು ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ಅದನ್ನು ಅವರಿಗೆ ತಿಳಿಸಲಿಲ್ಲ. 1940ರ ದಶಕದಲ್ಲಿ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ, ರೋಗ ಹೇಗೆ ಕೊಲ್ಲುತ್ತದೆಂದು ನೋಡುತ್ತ ಕೂತರು. ಅಷ್ಟು ವರ್ಷ ಆ ಜನ ಬಿಟ್ಟುಹೋಗದಂತೆ ಹಿಡಿದಿಟ್ಟದ್ದು ಯಾರು? ಯೂನಿಸ್ ರಿವರ್ಸ್ ಎಂಬ ನರ್ಸ್. ಆಕೆಯೂ ಕರಿಯಳೇ, ಅವರ ನಡುವಿನವಳೇ. ಕಾರಿನಲ್ಲಿ ಕರೆತರುತ್ತಿದ್ದಳು, ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಕ್ರೂರಿಯಾಗಿರಲಿಲ್ಲ, ಅಕ್ಕರೆಯವಳೇ ಆಗಿದ್ದಳು. ಆ ಅಕ್ಕರೆಯೇ ಬಲೆಯ ದಾರವಾಯಿತು. ಆರೈಕೆ ಮಾಡುವ ಕೈಯನ್ನು ಯಾರೂ ಅನುಮಾನಿಸುವುದಿಲ್ಲ. ಆದ್ದರಿಂದಲೇ ಆ ಕೈ ಪ್ರಶ್ನಾವಳಿ ಹಿಡಿದಾಗ ಹೆಚ್ಚು ಎಚ್ಚರದಿಂದಿರಬೇಕು. ನಮ್ಮ ದೇಶದಲ್ಲೂ ಐಸಿಎಂಆರ್ ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿ, 2017ರಲ್ಲಿ ಅವನ್ನು ವಿಸ್ತರಿಸಿದೆ. ಆದರೆ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಸಮಿತಿಯ ಮುಂದೆ ಸಾಕ್ಷಿಯಾದೀತೇ ಹೊರತು ಮನಸ್ಸಾಕ್ಷಿಯ ಮುಂದಲ್ಲ.

ನಮ್ಮ ಕಚೇರಿಗಳ ಕನ್ನಡದಲ್ಲಿ ಅಮಾನತ್ತು ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ಮೂಲ ಅರಬ್ಬಿಯಲ್ಲಿ ಅದು ನಂಬಿಕೆಯ ಮಾತು. ಒಬ್ಬರು ನಂಬಿ ಒಪ್ಪಿಸಿದ್ದನ್ನು ಕಾಪಾಡಿ, ಕೇಳಿದಾಗ ಮರಳಿಸುವ ಹೊಣೆ. ಶರಣರ ನಾಡಿನ ಜನ ಇದನ್ನು ಋಣ ಎನ್ನಬಹುದು. ಋಣಕ್ಕೂ ಅಮಾನತ್ತಿಗೂ ಒಂದು ವ್ಯತ್ಯಾಸವಿದೆ. ಸಾಲ ಪಡೆದದ್ದನ್ನು ನಾನು ಖರ್ಚು ಮಾಡಬಹುದು, ಅಮಾನತ್ತು ಮಾತ್ರ ಎಂದೂ ನನ್ನದಾಗುವುದಿಲ್ಲ. ರೋಗಿ ತನ್ನ ಮೈಯನ್ನು ತೋರಿಸಿ, ತನ್ನ ನಾಚಿಕೆಯನ್ನು ಹೇಳಿಕೊಂಡಾಗ ಕೊಡುವುದು ಇಂಥದ್ದನ್ನೇ.

ಹೀಗೆ ನೋಡಿದರೆ ಸಂಶೋಧಕಿಯ ಹೊಣೆಗಳು ತಾವಾಗಿಯೇ ತಿಳಿಯುತ್ತವೆ. ಬೇಡ ಎಂದರೂ ಆರೈಕೆ ಕಡಿಮೆಯಾಗದು ಎಂಬ ಭರವಸೆಯನ್ನು ರೋಗಿಗೆ ಅವನದೇ ಮಾತಿನಲ್ಲಿ ಮೊದಲು ಕೊಡಬೇಕು. ಕಂಡದ್ದನ್ನು ಕಾಣದಂತೆ ಇರಬಾರದು. ಪ್ರಶ್ನೆ ಕೇಳುತ್ತಿರುವಾಗ ಮುಂಗೈ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ, ಅದು ಕುಷ್ಠವಿರಬಹುದು. ಬೇಗ ಹಿಡಿದರೆ ಔಷಧದಿಂದ ಪೂರ್ತಿ ವಾಸಿಯಾಗುವ ರೋಗ, ಸರ್ಕಾರ ಔಷಧವನ್ನು ಉಚಿತವಾಗಿ ಕೊಡುತ್ತದೆ. ಆ ಗಳಿಗೆಯಲ್ಲಿ ಆಕೆ ಪ್ರಶ್ನಾವಳಿ ಮಡಚಿಟ್ಟು ಮತ್ತೆ ನರ್ಸ್ ಆಗಬೇಕು. ಹರಕೆಯನ್ನು ಹೀಯಾಳಿಸದೆಯೂ ನವಲಗುಂದದ ತಾಲೂಕು ಆಸ್ಪತ್ರೆಗೆ ಕಳಿಸಬಹುದು. ಮಿಂದು ಬಂದವನು ಮಾತ್ರೆ ನುಂಗಬಾರದೆಂದು ಯಾವ ಸೂಫಿಯೂ ಹೇಳಿಲ್ಲ.

ಕೊನೆಯದು ಮರಳಿಸುವ ಹೊಣೆ. ನಮ್ಮಲ್ಲಿ ರೋಗಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುತ್ತಾರೆ, ಉತ್ತರವನ್ನು ಇಂಗ್ಲಿಷಿನಲ್ಲಿ ಕಟ್ಟಿಡುತ್ತಾರೆ. ಕಪ್ಪು ರಟ್ಟಿನ ಪ್ರಬಂಧ ಗ್ರಂಥಾಲಯದ ಕಪಾಟಿಗೆ ಸೇರುತ್ತದೆ. ಉತ್ತರ ಕೊಟ್ಟವನಿಗೆ ಅದು ತಲುಪುವುದೇ ಇಲ್ಲ. ಎಲ್ಲ ಸಂಶೋಧನೆಯೂ ನಾಳೆಯೇ ಫಲ ಕೊಡಬೇಕೆಂದು ಹಟ ಮಾಡುವುದು ತಪ್ಪು, ಕೆಲವು ವಿದ್ಯೆ ಹಣ್ಣಾಗಲು ತಲೆಮಾರು ಬೇಕು ಎಂದು ಕೆಲವರು ಹೇಳುತ್ತಾರೆ. ನಿಜ. ನೈಟಿಂಗೇಲರ ಲೆಕ್ಕದಿಂದ ಸ್ಕುಟಾರಿಯಲ್ಲಿ ಆಗಲೇ ಸತ್ತಿದ್ದವರು ಎದ್ದು ಬರಲಿಲ್ಲ. ಅಮಾನತ್ತು ಕೊಟ್ಟವನಿಗೇ ಮರಳದಿದ್ದರೂ ಅವನಂಥವರಿಗೆ ಮರಳಬಹುದು. ಆದರೆ ಮರಳಿಸಬೇಕೆಂಬ ನಿಯತ್ತು ವಿಷಯ ಆರಿಸುವ ದಿನವೇ ಇರಬೇಕು. ಯಾರಿಗಾಗಿ ಎಂಬ ಪ್ರಶ್ನೆಯನ್ನು ಮಾರ್ಗದರ್ಶಕರು ಮೊದಲ ದಿನವೇ ಕೇಳಬೇಕು. ವಿಶ್ವವಿದ್ಯಾಲಯವು ಪ್ರತಿ ಪ್ರಬಂಧದ ಜೊತೆಗೆ ಆಶಾ ಕಾರ್ಯಕರ್ತೆಗೂ ಮನೆಯವರಿಗೂ ಅರ್ಥವಾಗುವ ನಾಲ್ಕು ಪುಟಗಳ ಕನ್ನಡ ಬರಹವನ್ನು ಕಡ್ಡಾಯ ಮಾಡಬಹುದು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಶುಶ್ರೂಷೆಯಲ್ಲಿ ಡಾಕ್ಟರೇಟ್ ಬೇಕು, ಇನ್ನೂ ಹೆಚ್ಚು ಬೇಕು. ಅರುಣಾರನ್ನು ಕಾಪಾಡಿದ ಕೈಗಳ ವಿದ್ಯೆ ಕೌದಿಯ ಮೇಲೆ ಮಲಗಿದವನ ಸೊಸೆಗೂ ಸಿಗಬೇಕಾದರೆ ನಡುವೆ ಯಾರಾದರೂ ನೋಡಿ, ಅಳೆದು, ಬರೆದು, ಹೇಳಬೇಕು. ಹೇಳುವಲ್ಲಿಗೆ ಬಾರದ ಪ್ರಬಂಧ ಹೆಸರಿನ ಮುಂದೆ ಎರಡು ಅಕ್ಷರ ಸೇರಿಸೀತು. ರೋಗಿಯ ಅಮಾನತ್ತು ಮಾತ್ರ ಬಾಕಿಯೇ ಉಳಿದಿರುತ್ತದೆ.