ದೇಹಸೌಂದರ್ಯವೂ ಶಸ್ತ್ರವೂ

ಮನುಷ್ಯನು ತನ್ನ ದೇಹವು ಅಂದವಾಗಿರಬೇಕೆಂದು ಬಯಸುವುದು ದೋಷವೆ? ರೋಗವಿಲ್ಲದ ದೇಹಕ್ಕೆ ಅಂದದ ಸಲುವಾಗಿಯೇ ಶಸ್ತ್ರವನ್ನು ತಾಗಿಸುವುದು ಯುಕ್ತವೆ? ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ‘ಲೈಪೋಸಕ್ಷನ್’ ಎಂಬ ಚಿಕಿತ್ಸೆಯು ಕನ್ನಡನಾಡಿನ ನಗರಗಳಲ್ಲಿ ಬಳಕೆಗೆ ಬಂದಿರುವುದರಿಂದ ಈ ಪ್ರಶ್ನೆಗಳು ಕೇವಲ ತರ್ಕದ ವಿಷಯವಾಗಿ ಉಳಿದಿಲ್ಲ.

ಮೊದಲನೆಯದಕ್ಕೆ ಹಾಸನ ಸೀಮೆಯ ಕಲ್ಲುಗಳೇ ಉತ್ತರ ಹೇಳುತ್ತವೆ. ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹೊಯ್ಸಳರ ಗುಡಿಗಳನ್ನು ನೋಡಹೋಗುವ ಯಾತ್ರಿಕನು, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವ ದರ್ಪಣಸುಂದರಿಯನ್ನು ಕಾಣುವನು. ಅಲ್ಲಿಗೆ ಹತ್ತು ಮೈಲಿ ದೂರದ ಹಳೇಬೀಡಿನಲ್ಲಿ, ಅದೇ ದೊರೆಯ ಕಾಲದಲ್ಲಿ 1133ರಲ್ಲಿ ಎದ್ದ ಬಸದಿಯೊಳಗೆ, ದೇಹದ ಅಭಿಮಾನವನ್ನೇ ತೊರೆದ ಪಾರ್ಶ್ವನಾಥನು ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ದೇಹದ ಸಂಭ್ರಮಕ್ಕೂ ದೇಹದ ವೈರಾಗ್ಯಕ್ಕೂ ಒಂದೇ ಕಾಲ, ಒಂದೇ ನಾಡು ಎಡೆಕೊಟ್ಟಿತು. ಆದುದರಿಂದ ಅಂದದ ಬಯಕೆಯನ್ನು ಪಾಪವೆಂದು ಹಳಿಯುವುದು ಸಲ್ಲದು. ಆದರೆ ಆ ಮದನಿಕೆಯರ ತುಂಬಿದ ಅವಯವಗಳು ಇಂದಿನ ಜಾಹಿರಾತುಗಳ ಕೃಶತ್ವಕ್ಕೆ ಹೊಂದುವುದಿಲ್ಲ. ಸೌಂದರ್ಯದ ಅಳತೆಯು ಕಾಲಕಾಲಕ್ಕೆ ಬದಲಾಗುವುದು. ಶಸ್ತ್ರದ ಗಾಯವೋ ಒಂದೇ ದೇಹಕ್ಕೆ ಆಗುವುದು.

ಶಿಲ್ಪಿಯು ಬಳಪದ ಕಲ್ಲಿನಲ್ಲಿ ಬೇಡವಾದುದನ್ನು ಕೆತ್ತಿ ತೆಗೆದರೆ ಬೇಕಾದ ರೂಪ ಉಳಿಯುವುದು. ಆ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಶಸ್ತ್ರವೈದ್ಯನ ಕೈಯಲ್ಲಿ ದೇಹವೂ ಹೀಗೆಯೇ ಎಂದು ಹಲವರು ಭಾವಿಸುತ್ತಾರೆ. ಅದು ಭ್ರಮೆ. ಕಲ್ಲು ನೋಯುವುದಿಲ್ಲ, ಬಾಯುವುದಿಲ್ಲ, ಮರಳಿ ಬೆಳೆಯುವುದೂ ಇಲ್ಲ. ದೇಹವು ಈ ಮೂರನ್ನೂ ಮಾಡುವುದು.

1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ತೆಗೆಯಹೋಗಿ, ಕಾಲು ಕೊಳೆತು, ಅದನ್ನೇ ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ಇಟಲಿಯ ಫಿಷರ್ ತಂದೆಮಕ್ಕಳೂ ಪ್ಯಾರಿಸ್ಸಿನ ಇಲೂಜನೂ ಕೊಳವೆಯಿಂದ ಹೀರುವ ಕ್ರಮವನ್ನು ರೂಪಿಸಿದರು. 1987ರಲ್ಲಿ ಅಮೆರಿಕದ ಕ್ಲೈನ್ ಎಂಬ ವೈದ್ಯನು, ಅರಿವಳಿಕೆಯ ಔಷಧವನ್ನೂ ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ನನ್ನೂ ಉಪ್ಪುನೀರಿನಲ್ಲಿ ಬೆರೆಸಿ ಮೊದಲೇ ತುಂಬುವ ವಿಧಾನವನ್ನು ಪ್ರಕಟಿಸಿದನು. ಇದರಿಂದ ರಕ್ತಸ್ರಾವವು ಬಹಳ ತಗ್ಗಿತು.

ಅಪಾಯವು ತಗ್ಗಿತೇ ಹೊರತು ಅಳಿಯಲಿಲ್ಲ. ಚಿಕಿತ್ಸೆಯಾದ ಮೇಲೆ ಕೆಲವು ದಿನ ಗಾಯಗಳಿಂದ ನೀರು ಒಸರುವುದು, ಮೈ ಕಂದುಗಟ್ಟುವುದು, ಬಿಗಿಯುಡುಪನ್ನು ಕೆಲವು ವಾರ ಧರಿಸಬೇಕು, ರಕ್ತ ಹೆಪ್ಪುಗಟ್ಟದಂತೆ ಬೇಗನೆ ಎದ್ದು ನಡೆಯಬೇಕು. ಬಾವು ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕಾದೀತು. ಐದು ಲೀಟರಿಗಿಂತ ಹೆಚ್ಚು ಹೀರುವುದಾದರೆ ಆ ರಾತ್ರಿ ರೋಗಿಯ ಮೇಲೆ ಕಣ್ಣಿಟ್ಟಿರಬೇಕು. ಉಳಿದ ಕೊಬ್ಬಿನ ಕೋಶಗಳು ಅತಿಯಾಗಿ ಉಂಡರೆ ಮತ್ತೆ ಹಿಗ್ಗುವುವು. ಇದು ಸ್ಥೂಲಕಾಯಕ್ಕೆ ಮದ್ದೂ ಅಲ್ಲ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹದಿನೈದು ಮಂದಿ ಸ್ತ್ರೀಯರಿಂದ ತಲಾ ಸುಮಾರು ಹತ್ತು ಕಿಲೋ ಕೊಬ್ಬನ್ನು ತೆಗೆದರೂ ಅವರ ರಕ್ತದೊತ್ತಡವಾಗಲಿ ರಕ್ತದ ಸಕ್ಕರೆಯ ಸ್ಥಿತಿಯಾಗಲಿ ಸುಧಾರಿಸಲಿಲ್ಲ. ಮಿತಾಹಾರವೂ ವ್ಯಾಯಾಮವೂ ಮಾಡುವ ಕೆಲಸವನ್ನು ಕೊಳವೆಯು ಮಾಡಲಾರದು.

2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು ಇಪ್ಪತ್ತೊಂದು. ಇಂಥ ಸಾವು ಅಪರೂಪವೆಂಬುದು ನಿಜ. ಆದರೆ ರೋಗವನ್ನು ಕಳೆಯಲು ಒಪ್ಪುವ ಗಂಡಾಂತರವೇ ಬೇರೆ, ಅಂದಕ್ಕಾಗಿ ಒಪ್ಪುವ ಗಂಡಾಂತರವೇ ಬೇರೆ. ಎರಡನೆಯದಕ್ಕೆ ವೈದ್ಯನು ಹೇಳಬೇಕಾದ ಮಾತು ಹೆಚ್ಚು, ಕೇಳುವವರು ಯೋಚಿಸಬೇಕಾದ ಕಾಲವೂ ಹೆಚ್ಚು.

ಹಾಗೆಂದು ಈ ಚಿಕಿತ್ಸೆಯನ್ನು ಬಯಸಿದವರನ್ನು ಚಪಲರೆಂದು ಜರೆಯುವುದು ಸುಲಭವಾದ ಅನ್ಯಾಯ. ಊಟದ ಎಲೆಯ ಮುಂದೆ ಮಗಳ ತುತ್ತನ್ನು ಎಣಿಸುವವರು, ಹೆಣ್ಣು ನೋಡಬಂದು ‘ಸ್ವಲ್ಪ ದಪ್ಪ’ ಎಂದು ಹೇಳಿಕಳುಹಿಸುವವರು, ತೆಳುಮೈಗೇ ಪಾತ್ರ ಕೊಡುವವರು—ಇವರೆಲ್ಲರ ನಾಲಗೆಯೂ ಆ ಶಸ್ತ್ರದಲ್ಲಿ ಪಾಲುಗೊಂಡಿದೆ. ನೋವು ಒಬ್ಬರದು, ಅಳತೆ ಹಲವರದು ಎಂಬುದೇ ಇಲ್ಲಿನ ಅಧರ್ಮ.

ತಿಳಿದವರು ತಿಳಿದೇ, ತಮ್ಮ ಸ್ವಂತ ಇಚ್ಛೆಯಿಂದ, ಮಿತವಾದ ಫಲವನ್ನೇ ಬಯಸಿ ಈ ಚಿಕಿತ್ಸೆಗೆ ಒಳಗಾದರೆ ಅದನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕನ್ನಡಿಯ ಮುಂದೆ ನಿಂತವರು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುವುದು ಲೇಸು: ಈ ದೇಹವನ್ನು ನೋಡುತ್ತಿರುವ ಕಣ್ಣು ತಮ್ಮದೋ, ಪರರದೋ? ಪರರದೆಂದು ಕಂಡುಬಂದರೆ, ಶಸ್ತ್ರದಿಂದ ತೆಗೆಯಬೇಕಾದುದು ಮೈಯಲ್ಲಿಲ್ಲ.