ಉಪವಾಸವಿರುವ ಪರದೇಶಿಯ ಸಂಗಡ ಊಟಮಾಡುವ ವಿಷಯ

ಮನೆಗೆ ಬಂದವನಿಗೆ ಊಟವಿಕ್ಕುವದು ಒಳ್ಳೇದೆಂಬದು ನಮ್ಮೊಳಗೆ ಚಿಕ್ಕ ಮಕ್ಕಳಿಗೂ ಗೊತ್ತಿದೆ. ಅದನ್ನು ಕಲಿಸುವದಕ್ಕೆ ಉಪದೇಶಿಯ ಅವಶ್ಯವಿಲ್ಲ. ಆದರೆ ಬಂದವನು ನಾವು ಉಣ್ಣುವ ಹೊತ್ತಿನಲ್ಲಿ ಉಣ್ಣಲಾರದವನೂ, ನಮ್ಮ ಪಾತ್ರೆಯಲ್ಲಿರುವದನ್ನೆಲ್ಲಾ ತಿನ್ನಲಾರದವನೂ, ನಮ್ಮ ಆರಾಧನೆಯಲ್ಲಿ ಸೇರದವನೂ ಆಗಿದ್ದರೆ ಏನು ಮಾಡತಕ್ಕದ್ದು? ಅನ್ನವನ್ನು ಮುಂದಿಟ್ಟ ಮಾತ್ರಕ್ಕೆ ಅವನನ್ನು ಸೇರಿಸಿಕೊಂಡ ಹಾಗಾಯಿತೋ? ದೂರದ ಒಂದು ದೇಶದ ಸಂಗತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಸಿರಿಯಾ ದೇಶದಲ್ಲಿ 2011ರಲ್ಲಿ ಹುಟ್ಟಿದ ಕಲಹವು ಘೋರವಾದ ಯುದ್ಧವಾಗಿ ಬೆಳೆದು, ಲಕ್ಷಾಂತರ ಜನರನ್ನು ಮನೆ ಹೊಲಗಳಿಂದ ಹೊರಡಿಸಿತು. ಅವರೊಳಗೆ 25,000ಕ್ಕಿಂತ ಹೆಚ್ಚು ಜನರನ್ನು ಕೆನಡಾ ದೇಶವು 2015ರ ನವೆಂಬರ್ ತಿಂಗಳು ಮೊದಲುಗೊಂಡು 2016ರ ಫೆಬ್ರವರಿ ತಿಂಗಳ ಕೊನೆಯೊಳಗೆ ಸೇರಿಸಿಕೊಂಡಿತು. ಆ ದೇಶದಲ್ಲಿ ಒಂದು ವಿಶೇಷವಾದ ಏರ್ಪಾಡುಂಟು. ಕ್ರೈಸ್ತ ಸಭೆಗಳಾಗಲಿ, ಬೇರೆ ಸಂಘಗಳಾಗಲಿ ಕೂಡಿಕೊಂಡು, ದೇಶಬಿಟ್ಟು ಬಂದ ಒಂದು ಕುಟುಂಬದ ಹೊಣೆಯನ್ನು ಹೊತ್ತು, ಸಾಧಾರಣವಾಗಿ ಒಂದು ವರುಷದ ವರೆಗೆ ಅದರ ಬಾಡಿಗೆ, ಆಹಾರ, ಬಟ್ಟೆಗಳನ್ನು ನೋಡಿಕೊಳ್ಳಬಹುದು. ಮೆನ್ನೋನೈಟರೆಂಬ ಕ್ರೈಸ್ತ ಪಂಗಡದ ಸೇವಾಸಂಘವು 1979ರಲ್ಲಿ ಇದಕ್ಕಾಗಿ ಸರಕಾರದ ಸಂಗಡ ಮೊದಲನೆಯ ಒಪ್ಪಂದವನ್ನು ಮಾಡಿಕೊಂಡಿತು. ಆ ವರುಷಗಳಲ್ಲಿ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ದೇಶಗಳಿಂದ ಸುಮಾರು 60,000 ಜನರು ಅಲ್ಲಿಗೆ ಬಂದರು. ಇದನ್ನು ನೋಡಿ, ನಿರಾಶ್ರಿತರ ಸೇವೆಗಾಗಿ ಕೊಡಲ್ಪಡುವ ನಾನ್ಸೆನ್ ಪದಕವನ್ನು 1986ರಲ್ಲಿ ಕೆನಡಾದ ಜನರೆಲ್ಲರಿಗೂ ಸೇರಿಸಿ ಕೊಟ್ಟರು.

ಹೊಸಬರನ್ನು ನೆರೆಹೊರೆಯವರ ಪರಿಚಯಕ್ಕೆ ತರುವದಕ್ಕೆ ಆ ದೇಶದವರು ಒಂದು ವಿಧವಾದ ಸಹಭೋಜನವನ್ನು ಮಾಡುತ್ತಾರೆ. ಅದಕ್ಕೆ ಪಾಟ್‌ಲಕ್ ಎಂದು ಹೆಸರು. ಒಬ್ಬನೇ ಯಜಮಾನನು ಎಲ್ಲರಿಗೂ ಅಡಿಗೆ ಮಾಡಿಸುವದಿಲ್ಲ. ಪ್ರತಿಯೊಂದು ಮನೆಯವರು ಒಂದೊಂದು ಪಾತ್ರೆಯನ್ನು ತರುತ್ತಾರೆ, ಎಲ್ಲವನ್ನೂ ಒಂದೇ ಉದ್ದವಾದ ಮೇಜಿನ ಮೇಲಿಟ್ಟು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ನಮ್ಮವರು ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಿನಲ್ಲಿ ಬಿಚ್ಚಿ ಹಂಚಿಕೊಳ್ಳುವ ಹಾಗೆಯೇ ಇದು.

ಆದರೆ 2016ರಲ್ಲಿ ರಮಜಾನ್ ತಿಂಗಳು ಜೂನ್ ತಿಂಗಳ ಆರಂಭದಲ್ಲಿ ಮೊದಲಾಯಿತು. ಆ ತಿಂಗಳಲ್ಲಿ ಮುಸಲ್ಮಾನರು ಮುಂಬೆಳಗಿನಿಂದ ಸೂರ್ಯನು ಮುಳುಗುವ ತನಕ ಅನ್ನವನ್ನೂ ಮುಟ್ಟುವದಿಲ್ಲ, ನೀರನ್ನೂ ಕುಡಿಯುವದಿಲ್ಲ. ಸಾಯಂಕಾಲ ಖರ್ಜೂರದಿಂದಲೂ ನೀರಿನಿಂದಲೂ ಉಪವಾಸವನ್ನು ಬಿಟ್ಟು, ನಮಾಜು ಮಾಡಿ, ಊಟಕ್ಕೆ ಕೂಡ್ರುತ್ತಾರೆ. ಇದಕ್ಕೆ ಇಫ್ತಾರ್ ಎಂದು ಹೆಸರು. ನಮ್ಮ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಸುಮಾರು ಏಳು ಘಂಟೆಗೆ ಹೊತ್ತು ಮುಳುಗುವದು. ಕೆನಡಾದ ಟೊರಾಂಟೊ ಪಟ್ಟಣದಲ್ಲಿಯಾದರೋ ರಾತ್ರಿ ಒಂಭತ್ತಾದರೂ ಆಕಾಶದಲ್ಲಿ ಬೆಳಕು. ಅಲ್ಲಿ ಉಪವಾಸವು ಸುಮಾರು 17 ತಾಸಿನದು.

ಈಗ ಆ ದೇಶದ ಒಂದು ಸಭೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವರು ಒಂದು ಕುಟುಂಬವನ್ನು ಕರೆಯಿಸಿಕೊಂಡು, ಸಂತೋಷದಿಂದ ಸಹಭೋಜನವನ್ನು ಏರ್ಪಡಿಸಿ, ತಮ್ಮ ವಾಡಿಕೆಯಂತೆ ಸಾಯಂಕಾಲ ಆರು ಘಂಟೆಯನ್ನು ನೇಮಿಸಿದ್ದಾರೆ. ಮೇಜು ತುಂಬಿದೆ. ಅತಿಥಿಗಳು ಬಂದಿದ್ದಾರೆ. ಆದರೆ ತಂದೆತಾಯಿಗಳು ಕೈಕಟ್ಟಿಕೊಂಡು ನಗುಮುಖದಿಂದ ಸುಮ್ಮನೆ ಕೂತಿದ್ದಾರೆ. ಅಲ್ಲಿ ಯಾರಲ್ಲಿಯೂ ಕೆಟ್ಟ ಮನಸ್ಸಿಲ್ಲ. ಆದರೂ ಯಾರಿಗೋಸ್ಕರ ಔತಣವಾಯಿತೋ ಅವರೇ ಅದಕ್ಕೆ ಹೊರಗಿನವರಾದರು. ಇಂಥ ಊಟವು ಅತಿಥಿಯನ್ನಲ್ಲ, ನಮ್ಮ ವಾಡಿಕೆಯನ್ನೇ ಸನ್ಮಾನಿಸುವದು.

ಕೊರಿಂಥದ ಸಭೆಯಲ್ಲಿಯೂ ಇದಕ್ಕೆ ಸಮಾನವಾದ ತಪ್ಪು ನಡೆಯಿತೆಂದು ನೀವು ಬಲ್ಲಿರಿ. ಉಳ್ಳವರು ಮುಂಚಿತವಾಗಿ ಉಂಡು ತೃಪ್ತರಾದರು. ಇಲ್ಲದವರು ಹಸಿದು ನಾಚಿಕೆಪಟ್ಟರು. ಅಪೊಸ್ತಲನಾದ ಪೌಲನು ಅವರಿಗೆ ಇನ್ನೂ ಹೆಚ್ಚಾಗಿ ಅಡಿಗೆ ಮಾಡಬೇಕೆಂದು ಬರೆಯಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಬರೆದನು. ಕಾಯುವದಕ್ಕೆ ಹಣ ಬೇಡ, ಅಕ್ಕಿ ಬೇಡ. ಆದರೆ ನಮ್ಮ ಹೊತ್ತನ್ನು ಬಿಟ್ಟುಕೊಡುವದು ಅಕ್ಕಿಯ ಮೂಟೆಯನ್ನು ಬಿಟ್ಟುಕೊಡುವದಕ್ಕಿಂತ ಕಷ್ಟ. ಮಕ್ಕಳು ತೂಕಡಿಸುತ್ತಾರೆ, ಅಡಿಗೆ ಆರಿಹೋಗುತ್ತದೆ, ಮರುದಿನ ಮುಂಜಾನೆ ಕೆಲಸವಿದೆ. ಈ ಕಷ್ಟವನ್ನು ಸಹಿಸಿ ಒಂಭತ್ತು ಘಂಟೆಯ ತನಕ ಕಾಯುವವನೇ ಕರೆದ ಮಾತನ್ನು ನಡಿಸಿದವನು.

ಹೊತ್ತಿನಂತೆಯೇ ಪಾತ್ರೆಯ ವಿಷಯವೂ ಇದೆ. ಮುಸಲ್ಮಾನರು ಹಂದಿಯ ಮಾಂಸವನ್ನು ತಿನ್ನುವದಿಲ್ಲ, ದ್ರಾಕ್ಷಾರಸವನ್ನು ಕುಡಿಯುವದಿಲ್ಲ. ಬೇರೆ ಮಾಂಸವೂ ತಮ್ಮ ವಿಧಿಯಂತೆ ಕೊಯ್ದದ್ದಾಗಿರಬೇಕೆನ್ನುತ್ತಾರೆ. ಆ ದೇಶದಲ್ಲಿ ಹಂದಿಯ ಕೊಬ್ಬನ್ನು ಹಿಟ್ಟಿನಲ್ಲಿ ಸೇರಿಸಿ ತಿಂಡಿಗಳನ್ನು ಸುಡುವದುಂಟು. ಕಣ್ಣಿಗೆ ಅದು ಕಾಣುವದಿಲ್ಲ. ಆದಕಾರಣ ಬುದ್ಧಿವಂತರು ಪ್ರತಿಯೊಂದು ಪಾತ್ರೆಯ ಮುಂದೆ ಚೀಟಿಯನ್ನಿಟ್ಟು, ಒಳಗೆ ಏನೇನಿದೆಯೆಂದು ಬರೆಯುತ್ತಾರೆ. ಇದು ಚಿಕ್ಕ ಕೆಲಸವಾದರೂ ಅದರಲ್ಲಿ ಸತ್ಯವುಂಟು. ಮೊದಲು ಕೇಳುವದೂ ಒಳ್ಳೇದು. ಯಾಕಂದರೆ ಸಿರಿಯಾದವರೆಲ್ಲರೂ ಮುಸಲ್ಮಾನರಲ್ಲ, ಅವರೊಳಗೆ ಪುರಾತನ ಕ್ರೈಸ್ತ ಸಭೆಗಳವರೂ ಇದ್ದಾರೆ. ಮುಸಲ್ಮಾನರಲ್ಲಿಯೂ ರೋಗಿಗಳಿಗೆ, ಪ್ರಯಾಣಿಕರಿಗೆ, ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಉಪವಾಸದಿಂದ ವಿನಾಯಿತಿಯುಂಟು.

ಇಲ್ಲಿ ಕೆಲವರು, ಬೇರೆ ಮತದವರ ಉಪವಾಸಕ್ಕೆ ಹೊಂದಿಕೊಂಡು ಉಣ್ಣುವದು ನಮ್ಮ ವಿಶ್ವಾಸವನ್ನು ಸಡಿಲಿಸುವದಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ನಾವು ಮಾಡದ ಉಪವಾಸವನ್ನು ಮಾಡಿದಂತೆ ತೋರಿಸಬಾರದು. ನಾವು ನಂಬದ ಪ್ರಾರ್ಥನೆಯನ್ನು ನಂಬಿದಂತೆ ನಟಿಸಬಾರದು. ಅದು ಅತಿಥಿಗೂ ಮೋಸ, ದೇವರ ಮುಂದೆಯೂ ಮೋಸ. ಅವರು ನಮಾಜಿಗೆ ಹೋಗುವಾಗ ನಾವು ಮೌನವಾಗಿರಬಹುದು. ನಾವು ಅನ್ನಕ್ಕಾಗಿ ಸ್ತೋತ್ರ ಮಾಡುವಾಗ ಅವರು ಮೌನವಾಗಿರಬಹುದು. ಆದರೆ ಊಟವನ್ನೇ ಬಿಟ್ಟು ಎದ್ದುಹೋಗುವದು ಬೇರೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದು, ಕೆಲವರು ಬಂದ ಮೇಲೆ ಅವರಿಗೆ ಭಯಪಟ್ಟು ಹಿಂಜರಿದನು. ಪೌಲನು ಎಲ್ಲರ ಮುಂದೆ ಅವನನ್ನು ಗದರಿಸಿದನು. ಪಂಕ್ತಿಯನ್ನು ಬಿಟ್ಟು ಏಳುವವನು ತನ್ನ ವಿಶ್ವಾಸವನ್ನು ಕಾಪಾಡುತ್ತಾನೋ, ಜನರ ಬಾಯಿಗೆ ಹೆದರುತ್ತಾನೋ ಎಂದು ತನ್ನ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಲಿ.

ಇದಕ್ಕಿಂತ ಸೂಕ್ಷ್ಮವಾದ ಶೋಧನೆಯೊಂದುಂಟು. ಒಂದು ಕುಟುಂಬದ ಬಾಡಿಗೆಯು ವರುಷವೆಲ್ಲಾ ನಮ್ಮ ಕೈಯಿಂದ ಹೋಗುತ್ತಿದ್ದರೆ, ಆ ಮನೆಯ ಯಜಮಾನನು ನಮ್ಮ ಮಾತಿಗೆ ಒಲ್ಲೆನೆನ್ನುವದು ಎಷ್ಟು ಕಷ್ಟವೆಂದು ಯೋಚಿಸಿರಿ. ಅಂಥವನನ್ನು ಊಟಕ್ಕೆ ಕರೆದು, ನಮ್ಮ ಮತವನ್ನು ಒಪ್ಪುತ್ತೀಯೋ ಎಂದು ಕೇಳಿದರೆ, ಅನ್ನವು ಅನ್ನವಾಗಿ ಉಳಿಯದೆ ಗಾಳಕ್ಕೆ ಸಿಕ್ಕಿಸಿದ ಎರೆಯಾಗುವದು. ನಾವು ನಮ್ಮ ವಿಶ್ವಾಸವನ್ನು ಮುಚ್ಚಿಡಬೇಕೆಂದು ನಾನು ಹೇಳುವದಿಲ್ಲ. ಹಸಿವೆಯ ಮೇಲೆ ಅದನ್ನು ಹೇರಬಾರದೆಂದು ಹೇಳುತ್ತೇನೆ. ಅಕ್ಕಿಯ ಆಶೆಗಾಗಿ ಜಾತಿ ಕೆಟ್ಟರೆಂಬ ನಿಂದೆಯನ್ನು ಕೇಳಿದ ಜನರು ನಾವು. ಆ ಮಾತು ನಮ್ಮ ಹಿರಿಯರ ಎದೆಯನ್ನು ಹೇಗೆ ಕೊರೆಯಿತೆಂದು ಬಲ್ಲವರು, ಇನ್ನೊಬ್ಬನ ಮೇಲೆ ಅಂಥ ನಿಂದೆ ಬರುವ ಹಾಗೆ ಊಟವಿಕ್ಕಬಹುದೇ? ಕೊಟ್ಟ ರೊಟ್ಟಿಗೆ ಏನನ್ನೂ ಕೇಳದೆ ಇರುವದೇ ನಮ್ಮ ಸಾಕ್ಷಿ.

ಕಡೆಯದಾಗಿ, ಈ ಸಹಭೋಜನದಲ್ಲಿ ಅತಿಥಿಯೂ ಒಂದು ಪಾತ್ರೆಯನ್ನು ತರಬಹುದೆಂಬದೇ ಮುಖ್ಯವಾದ ಸಂಗತಿ. ದೇಶಬಿಟ್ಟು ಬಂದವನು ತಿಂಗಳುಗಟ್ಟಳೆ ತಕ್ಕೊಳ್ಳುವವನೇ ಆಗಿರುತ್ತಾನೆ: ಪರರ ಕೋಟು, ಪರರ ಹಾಸಿಗೆ, ಪರರ ಮಾತು. ತಕ್ಕೊಂಡು ತಕ್ಕೊಂಡು ಅವನ ತಲೆಯು ತಗ್ಗುವದು. ಆ ದಿನ ಮನೆಯ ತಾಯಿಯು ದ್ರಾಕ್ಷೆಯ ಎಲೆಗಳಲ್ಲಿ ಅಕ್ಕಿಯನ್ನು ಸುತ್ತಿ ಬೇಯಿಸಿಯೋ, ಗೋದಿಯ ನುಚ್ಚಿನಲ್ಲಿ ಮಾಂಸವನ್ನು ತುಂಬಿ ಕರಿದೋ ತಂದು ಮೇಜಿನ ಮೇಲಿಡುತ್ತಾಳೆ. ಹತ್ತಾರು ಪಾತ್ರೆಗಳ ನಡುವೆ ಅವಳದೂ ಒಂದು. ನೆರೆಯವಳು ಅದನ್ನು ಬಡಿಸಿಕೊಂಡು ತಿಂದು, ಮಾಡುವದು ಹೇಗೆಂದು ಕೇಳುತ್ತಾಳೆ. ಅಷ್ಟರಲ್ಲಿ ಅವಳು ಭಿಕ್ಷೆ ತಕ್ಕೊಂಡವಳಾಗಿರದೆ ನೆರೆಯವಳಾದಳು.

ನಮಗೆ ಇದು ತಿಳಿಯದ ವಿಷಯವಲ್ಲ. ನಮ್ಮ ಹಿರಿಯರಲ್ಲಿ ಅನೇಕರಿಗೆ ಮೇಲಿನವರು ಅನ್ನವನ್ನು ಕೊಡುತ್ತಿದ್ದರು. ದೂರದಿಂದ, ಎತ್ತಿ ಹಾಕಿ ಕೊಡುತ್ತಿದ್ದರು. ಆದರೆ ಅವರ ಕೈಯಿಂದ ಒಂದು ತಂಬಿಗೆ ನೀರನ್ನು ಯಾರೂ ತಕ್ಕೊಳ್ಳುತ್ತಿರಲಿಲ್ಲ. ಹಸಿವೆಗಿಂತ ಆ ಅವಮಾನವೇ ಹೆಚ್ಚಾಗಿ ಸುಟ್ಟಿತು. ಹೀಗಿರಲಾಗಿ, ಕೊಡುವವನು ಪ್ರೀತಿಯುಳ್ಳವನೋ ಅಲ್ಲವೋ ಎಂಬದು ಅವನು ಎಷ್ಟು ಕೊಟ್ಟನೆಂಬದರಿಂದ ತಿಳಿಯುವದಿಲ್ಲ. ಯಾರ ಕೈಯಿಂದ ಉಣ್ಣುವದಕ್ಕೆ ಒಪ್ಪಿದನೆಂಬದರಿಂದ ತಿಳಿಯುವದು.

ಪೌಲನು ಮೊದಲು ಸಿರಿಯಾದ ದಮಸ್ಕ ಪಟ್ಟಣಕ್ಕೆ ಬಂದಾಗ ಕಣ್ಣುಕಾಣದವನಾಗಿ ಮೂರು ದಿನ ಏನೂ ತಿನ್ನದೆ ಕುಡಿಯದೆ ಇದ್ದನು. ಅವನು ಆ ಊರಿಗೆ ಹೊಸಬನು ಮಾತ್ರವಲ್ಲ, ಅಲ್ಲಿಯ ಶಿಷ್ಯರಿಗೆ ವೈರಿಯೂ ಆಗಿದ್ದನು. ಆದರೂ ಅನನೀಯನು ಭಯವನ್ನು ನುಂಗಿಕೊಂಡು ಅವನಿದ್ದ ಮನೆಗೆ ಹೋಗಿ, ಸಹೋದರನೇ ಎಂದು ಕರೆದನು. ಆ ಮೇಲೆಯೇ ಪೌಲನು ಊಟಮಾಡಿದನು. ಉಪವಾಸದಿಂದಿದ್ದ ಪರದೇಶಿಗೆ ಆ ಸೀಮೆಯವರು ತೋರಿಸಿದ ದಯೆಯು ಹಳೆಯ ಸಾಲವಾಗಿ ನಮ್ಮೆಲ್ಲರ ಮೇಲೆ ಇದೆ. ನಮ್ಮ ಹಳ್ಳಿಗೂ ಹೊಸಬರು ಬರುತ್ತಾರೆ. ನಮ್ಮ ಬೀದಿಯಲ್ಲಿಯೂ ರಮಜಾನ್ ಬರುತ್ತದೆ. ಆಗ ಪಕ್ಕದ ಮನೆಯವರು ಹೊತ್ತು ಮುಳುಗಿದ ಮೇಲೆ ಒಂದು ಬಟ್ಟಲನ್ನು ಮುಚ್ಚಿಕೊಂಡು ನಿಮ್ಮ ಬಾಗಿಲಿಗೆ ಬಂದರೆ, ಅದನ್ನು ಎರಡು ಕೈಗಳಿಂದಲೂ ತಕ್ಕೊಳ್ಳಿರಿ. ಬಟ್ಟಲನ್ನು ಬರಿದಾಗಿ ಹಿಂದಕ್ಕೆ ಕಳುಹಿಸಬೇಡಿರಿ.