ಕಣ್ಣು ಎಲ್ಲಿತ್ತು?

ಆ ಹದಿನೆಂಟನೇ ನಿಮಿಷವನ್ನು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದ್ದೇನೋ ಲೆಕ್ಕವಿಲ್ಲ. 2022ರ ನವೆಂಬರ್ 12, ಆಕ್ಲೆಂಡಿನ ಈಡನ್ ಪಾರ್ಕ್, ಮಹಿಳಾ ರಗ್ಬಿ ವಿಶ್ವಕಪ್ ಫೈನಲ್. ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್ ಚೆಂಡು ಹಿಡಿದು ಓಡುತ್ತಾಳೆ. ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ತಡೆಯಲು ಬರುತ್ತಾಳೆ. ತಲೆಗೆ ತಲೆ. ಪೋರ್ಷಿಯಾ ಆ ಪಂದ್ಯಕ್ಕೆ ಮರಳಲಿಲ್ಲ. ರೆಫರಿ ಹಾಲಿ ಡೇವಿಡ್‌ಸನ್ ಕೆಂಪು ಕಾರ್ಡ್ ಎತ್ತಿದಳು, ಲಿಡಿಯಾಳೂ ಹೊರಗೆ. (ನನ್ನ ವಯಸ್ಸಿಗೆ ಇವರೆಲ್ಲ ಮಕ್ಕಳೇ. ಏಕವಚನಕ್ಕೆ ಕ್ಷಮೆ ಇರಲಿ.)

ನಾನು ನಿವೃತ್ತ ಪಿ.ಟಿ. ಟೀಚರ್. ಮೂಡುಬಿದಿರೆಯ ಕಡೆಯವಳು, ಹುಟ್ಟಿನಿಂದ ಜೈನಳು. ಕಬಡ್ಡಿ ಗೊತ್ತು, ರಗ್ಬಿ ಗೊತ್ತಿರಲಿಲ್ಲ. ಮಗಳು ವಿಡಿಯೊ ಕಳಿಸಿ, "ಅಮ್ಮಾ, ಇದು ನಿಮ್ಮ ಕಬಡ್ಡಿಗೆ ಒಂದು ಚೆಂಡು ಕೊಟ್ಟ ಹಾಗೆ" ಎಂದಿದ್ದಳು. ಅಷ್ಟರಿಂದ ಶುರುವಾದದ್ದು.

ಲಿಡಿಯಾ ಬೇಕೆಂದೇ ಹೊಡೆದಳು ಎಂದು ಆ ದೃಶ್ಯ ನೋಡಿದ ಯಾರಿಗೂ ಅನ್ನಿಸಲಾರದು. ರೆಫರಿಗೆ ಅದು ಬೇಕಾಗಿಯೂ ಇರಲಿಲ್ಲ. ತಲೆಗೆ ಪೆಟ್ಟು ಬಿತ್ತೇ, ತಪ್ಪಿಸಬಹುದಿತ್ತೇ, ಅಪಾಯ ಎಷ್ಟು, ರಿಯಾಯಿತಿಗೆ ಕಾರಣವಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ತಡೆಯುವವಳು ಸೊಂಟ ಬಗ್ಗಿಸದೆ ನೆಟ್ಟಗೆ ಬಂದಿದ್ದರೆ ಅದೇ ಅವಳ ತಪ್ಪು. ಮನಸ್ಸಿನಲ್ಲಿ ಏನಿತ್ತು ಎಂಬುದು ಬೇರೆ ಮಾತು.

ಇದು ಅನ್ಯಾಯವೇ? ನನಗೆ ಅಜ್ಜಿ ನೆನಪಾದಳು.

ಎಂಟನೇ ಕ್ಲಾಸಿನಲ್ಲಿ ವಲಯ ಮಟ್ಟದ ಕಬಡ್ಡಿ ಪಂದ್ಯ. ಕೊನೆಯ ರೈಡ್‌ನಲ್ಲಿ ಎದುರು ತಂಡದ ಹುಡುಗಿಯ ಕಾಲಿಗೆ ನಾನು ಹಾರಿದೆ. ಅವಳು ಮುಖ ಅಡಿಯಾಗಿ ಬಿದ್ದು ಮುಂದಿನ ಒಂದು ಹಲ್ಲು ಮುರಿಯಿತು. ಅದೇ ಅಂಕದಿಂದ ನಾವು ಗೆದ್ದೆವು. ಮೈದಾನದಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಬೇಕೂಂತ ಮಾಡಿದ್ದಾ?" ಇಲ್ಲ ಎಂದು ಅತ್ತೆ, ಎಲ್ಲರೂ ನಂಬಿದರು. ಮನೆಯಲ್ಲಿ ಅಜ್ಜಿ ಒಲೆಯ ಮುಂದೆ ಕೂತು ಸೌದೆಯನ್ನು ಒಂದೊಂದಾಗಿ ನೆಲಕ್ಕೆ ಕುಟ್ಟುತ್ತಿದ್ದಳು. ಇರುವೆ, ಗೆದ್ದಲು ಉದುರಿ ಹೋದ ಮೇಲೆಯೇ ಅದು ಬೆಂಕಿಗೆ. ನನ್ನ ಕಥೆ ಪೂರ್ತಿ ಕೇಳಿ, ತಲೆ ಎತ್ತದೆ, "ಹಿಡಿಯುವಾಗ ನಿನ್ನ ಕಣ್ಣು ಎಲ್ಲಿತ್ತು?" ಎಂದಳು.

ಕಣ್ಣು ಗೆರೆಯ ಮೇಲಿತ್ತು. ಅವಳ ಕಾಲು ಗೆರೆ ಮುಟ್ಟೀತೇ ಎಂಬುದಷ್ಟೇ ನನಗೆ ಕಾಣುತ್ತಿತ್ತು. ಅವಳು ಕಂಡಿರಲಿಲ್ಲ.

ಪಾಪದ ಭಾರ ಮೈಯ ಕೆಲಸದ್ದೋ ಮನಸ್ಸಿನದೋ ಎಂಬ ಜಗಳ ಹಳೆಯದು. ಬೌದ್ಧರ ಮಜ್ಝಿಮ ನಿಕಾಯದಲ್ಲಿ ಉಪಾಲಿಯೆಂಬ ಗೃಹಸ್ಥನ ಕಥೆಯಿದೆ. ಅವನು ನಮ್ಮ ಮಹಾವೀರರ ಶ್ರಾವಕ. ಪಾಪದಲ್ಲಿ ದೇಹದ ಕೆಲಸವೇ ಭಾರ ಎಂದು ವಾದಿಸಲು ಬುದ್ಧನ ಬಳಿಗೆ ಹೋಗುತ್ತಾನೆ. ಮನಸ್ಸಿನದೇ ಭಾರ ಎಂದು ಬುದ್ಧ ಅವನನ್ನು ಸೋಲಿಸಿ ತನ್ನ ಕಡೆ ಸೇರಿಸಿಕೊಳ್ಳುತ್ತಾನೆ. ಬರೆದವರು ಗೆದ್ದವರ ಕಡೆಯವರು, ಇನ್ನೇನು ಬರೆದಾರು! ಜೈನರು ಅಷ್ಟು ದಡ್ಡರಾಗಿರಲಿಲ್ಲ. ದಶಲಕ್ಷಣ ಪರ್ವದಲ್ಲಿ ನಾವು ಓದಿಸುವ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ, ಹಿಂಸೆ ಯಾವುದೆಂದು ಹೇಳುವಾಗ ದ್ವೇಷದ ಮಾತೆತ್ತುವುದಿಲ್ಲ, ಬರಿಯ ಸಾವಿನಲ್ಲಿಯೂ ನಿಲ್ಲುವುದಿಲ್ಲ. ಅದು ಹಿಡಿಯುವ ಪದ ಪ್ರಮಾದ, ಎಂದರೆ ಎಚ್ಚರಗೇಡಿತನ. ನಮ್ಮ ಮುನಿಗಳು ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡೇ ಹೆಜ್ಜೆ ಇಡುವುದು ಇದಕ್ಕೇ. ನೋಡಿ ನಡೆದವನ ಕಾಲಡಿ ಹುಳ ಸತ್ತರೆ ಒಂದು ಲೆಕ್ಕ. ನೋಡದೆ ನಡೆದವನ ಕಾಲಡಿ ಯಾವುದೂ ಸಾಯದಿದ್ದರೂ ಲೆಕ್ಕ ಬೇರೆಯೇ. ಸೊಂಟ ಬಗ್ಗಿಸು ಎನ್ನುವ ರಗ್ಬಿ ಕಾನೂನಿನಲ್ಲಿ ನನಗೆ ಕೇಳಿಸಿದ್ದು ಈ ಮಾತು. ಅಜ್ಜಿ ಇದ್ದಿದ್ದರೆ ಒಳ್ಳೆಯ ರೆಫರಿ ಆಗುತ್ತಿದ್ದಳು.

ಆದರೆ ಅದೇ ಆಟ ಇನ್ನೊಂದು ಕಡೆ ಮನಸ್ಸನ್ನೇ ಕೇಳುತ್ತದೆ. ಅದಕ್ಕೆ ಸಿಕ್ಕವಳು ಇದೇ ಪೋರ್ಷಿಯಾ. ನ್ಯೂಜಿಲೆಂಡಿನ ಉತ್ತರದ ಕೈಕೊಹೆ ಊರಿನವಳು. ತಂದೆ, ದೊಡ್ಡಪ್ಪ ಇಬ್ಬರೂ ಆಲ್ ಬ್ಲ್ಯಾಕ್ಸ್, ಎಂದರೆ ನ್ಯೂಜಿಲೆಂಡಿನ ಪುರುಷರ ರಗ್ಬಿ ತಂಡಕ್ಕೆ ಆಡಿದವರು. ಇವಳು ಮೊದಲು ನೆಟ್‌ಬಾಲ್ ಆಡಿ, ಒಲಿಂಪಿಕ್ಸಿಗೆ ಹೊಸ ಹುಡುಗಿಯರನ್ನು ಹುಡುಕುವಾಗ 2012ರಲ್ಲಿ ಏಳೇಳು ಜನ ಆಡುವ ರಗ್ಬಿಗೆ, ಎಂದರೆ ಸೆವೆನ್ಸ್‌ಗೆ ಬಂದಳು. 2016ರ ರಿಯೊ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಚೆಂಡನ್ನು ಬೇಕೆಂದೇ ಮುಂದಕ್ಕೆ ತಟ್ಟಿದಳೆಂದು ಅವಳಿಗೆ ಹಳದಿ ಕಾರ್ಡ್. ಕೈಜಾರಿ ಚೆಂಡು ಮುಂದಕ್ಕೆ ಬಿದ್ದರೆ ಬರೀ ಸ್ಕ್ರಮ್ (ಎರಡೂ ತಂಡ ಹೆಗಲೊಡ್ಡಿ ಚೆಂಡಿಗೆ ನೂಕಾಡುವುದು), ಬೇಕೆಂದೇ ತಟ್ಟಿದರೆ ಶಿಕ್ಷೆ. ಸೆವೆನ್ಸ್‌ನಲ್ಲಿ ಎರಡು ನಿಮಿಷ ಹೊರಗೆ ಕೂರುವುದೆಂದರೆ ಏಳು ಜನರಲ್ಲಿ ಒಬ್ಬಳು ಇಲ್ಲ. ನ್ಯೂಜಿಲೆಂಡ್ 17–24ರಲ್ಲಿ ಸೋತಿತು. ಚೆಂಡಿಗೆ ಹೋದ ಕೈ ಹಿಡಿಯಲು ಹೋಯಿತೋ ಕೆಡಿಸಲು ಹೋಯಿತೋ, ರೆಫರಿಗೆ ಹೇಗೆ ಗೊತ್ತು? ಹಿಡಿಯುವ ಸಾಧ್ಯತೆ ನಿಜಕ್ಕೂ ಇತ್ತೇ ಎಂದು ನೋಡುತ್ತಾರಂತೆ. ಮನಸ್ಸನ್ನು ಓದಲು ಕೊನೆಗೂ ಕೈಯನ್ನೇ ನೋಡಬೇಕು!

ಆಮೇಲೆ ಅವಳಿಗೆ ಟೋಕಿಯೊದಲ್ಲಿ ಚಿನ್ನ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನ. ಎರಡು ವಿಶ್ವಕಪ್ ಸೇರಿ 20 ಟ್ರೈ (ಗೆರೆಯಾಚೆ ಚೆಂಡು ಊರುವುದು), ಆಗ ಅದು ದಾಖಲೆ. ನಡುವೆ ಹಿಮ್ಮಡಿಯ ನರಕ್ಕೆ ಪೆಟ್ಟಾಗಿ ಬಹಳ ಕಾಲ ಕೂತದ್ದೂ ಇದೆ.

ನನ್ನ ಗಂಟಲಿಗೆ ಸಿಕ್ಕಿಕೊಂಡಿರುವುದು ಆ ಫೈನಲ್‌ನ ಉಳಿದ ಕಥೆ. ಸತತ 30 ಪಂದ್ಯ ಗೆದ್ದು ಬಂದಿದ್ದ ಇಂಗ್ಲೆಂಡ್ ಒಂದು ಗಂಟೆಗೂ ಮಿಕ್ಕಿ ಹದಿನಾಲ್ಕೇ ಜನರಲ್ಲಿ ಆಡಿತು. ಆದರೂ ಅರ್ಧ ಆಟಕ್ಕೆ 26–19ರಲ್ಲಿ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಗೆರೆಯ ಹತ್ತಿರ ಅವರು ಪಕ್ಕದಿಂದ ಒಳಗೆಸೆದ ಚೆಂಡನ್ನು, ಎಂದರೆ ಅವರ ಲೈನ್‌ಔಟ್ ಅನ್ನು ನ್ಯೂಜಿಲೆಂಡಿನ ಜೊವಾನಾ ನ್ಗಾನ್-ವೂ ಕದ್ದು ಕೆಡಿಸಿದಳು. ನ್ಯೂಜಿಲೆಂಡಿಗೆ 34–31ರ ಗೆಲುವು. ಪ್ರತಿ ಜೀವ ತನ್ನ ಕರ್ಮವನ್ನು ತಾನೇ ಉಣ್ಣಬೇಕು, ಹಂಚಿಕೊಳ್ಳುವಂತಿಲ್ಲ ಎನ್ನುತ್ತದೆ ನಮ್ಮ ಧರ್ಮ. ಇಲ್ಲಿ ಲಿಡಿಯಾಳ ಎಚ್ಚರಗೇಡಿತನದ ಒಂದು ಕ್ಷಣವನ್ನು ಹದಿನಾಲ್ಕು ಜನ ಓಡಿ ಓಡಿ ಉಂಡರು. ಬಿದ್ದ ಪೋರ್ಷಿಯಾ ಗೆದ್ದಳು, ಉಳಿದ ಆಟ ಆಡದೆ. ಇದಕ್ಕೆ ಯಾವ ಸೂತ್ರ ಹಚ್ಚಲಿ? ಕರ್ಮ ಒಬ್ಬರದೇ ಆದರೆ ತಂಡ ಎನ್ನುವುದು ಏನು? ಒಬ್ಬ ವಿದ್ವಾಂಸರನ್ನು ಕೇಳಿದೆ. "ಆ ಹದಿನಾಲ್ಕು ಜನರೂ ತಂತಮ್ಮ ಹಳೆಯ ಕರ್ಮಕ್ಕೆ ಉಂಡರು" ಎಂದರು. ಬಾಯಿ ಮುಚ್ಚಿಸುವ ಉತ್ತರ. ಮೈದಾನದಲ್ಲಿ ನಿಂತವಳಿಗೆ ಅದು ದಕ್ಕುವುದಿಲ್ಲ.

ಆ ಕಬಡ್ಡಿಯಲ್ಲಿ ನಮಗೆಲ್ಲ ಒಂದೊಂದು ಸ್ಟೀಲ್ ಲೋಟ ಬಹುಮಾನ ಬಂದಿತ್ತು. ಅಜ್ಜಿ ಬೈಯಲಿಲ್ಲ, ಕೊಡು ಎನ್ನಲೂ ಇಲ್ಲ. ನಾನೇ ಮರುವಾರ ಬಸ್ ಹತ್ತಿ ಆ ಹುಡುಗಿಯ ಮನೆಗೆ ಒಯ್ದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಲೋಟವನ್ನು ತಿರುಗಿಸಿ ನೋಡಿದಳು.

"ನಿಮ್ಮ ತಂಡದವರಿಗೆಲ್ಲ ಸಿಕ್ಕಿದೆಯಾ ಮಾರಾಯ್ತಿ?"

ಹೌದು ಎಂದೆ.

"ಹಾಗಾದರೆ ನೀನೊಬ್ಬಳು ಕೊಟ್ಟರೆ ಹೇಗೆ?" ಎಂದವಳು, ಅದರಲ್ಲೇ ಮಜ್ಜಿಗೆ ತುಂಬಿ ನನಗೆ ಕುಡಿಯಲು ಕೊಟ್ಟಳು.